ಮುರಿಯುವ ಮೊದಲು ಬಾಗಬೇಕು

ಡಿಸೆಂಬರ್ ಕೊನೆಯ ನಸುಕು. ಡೊಂಬಿವಲಿ ಸ್ಟೇಷನ್ನಿನಲ್ಲಿ ಅಲ್ಲೊಂದು ಇಲ್ಲೊಂದು ಸ್ವೆಟರ್, ಕಿವಿಗೆ ಸುತ್ತಿದ ಮಫ್ಲರ್. ಬರಬೇಕಾದ ಫಾಸ್ಟ್ ಲೋಕಲ್ ಬಂದಿಲ್ಲ. ಪ್ಲಾಟ್‌ಫಾರ್ಮು ತುಂಬಿ ಮೆಟ್ಟಿಲವರೆಗೂ ಜನ ನಿಂತಾಗ ಯಾರದೋ ಮೊಬೈಲಿನಿಂದ ಸುದ್ದಿ ಹೊರಬೀಳುತ್ತದೆ: ‘ರುಳಾಲಾ ತಡಾ ಗೇಲಾ.’ ಹಳಿ ಬಿರುಕು ಬಿಟ್ಟಿದೆ. ಥಾಣೆಯಿಂದ ಕಲ್ಯಾಣದವರೆಗೆ ನೆಲೆಸಿರುವ ಕನ್ನಡಿಗರಿಗೆ ಈ ಮರಾಠಿ ಮಾತನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಆಫೀಸಿಗೆ ಲೇಟ್, ಅಷ್ಟೇ ಅದರ ಅರ್ಥ.

ಕಾಯುವ ಹೊತ್ತಿನಲ್ಲಿ ಕೊಂಚ ಯೋಚಿಸಿದರೆ ಇದೊಂದು ಒಗಟು. ಮೀಟರಿಗೆ 60 ಕಿಲೋ ತೂಗುವ ಉಕ್ಕಿನ ಹಳಿ ಅದು. ಮೇ ತಿಂಗಳ ಸುಡು ಬಿಸಿಲಲ್ಲಿ, ಜುಲೈಯ ಮಳೆನೀರಲ್ಲಿ, ಬಾಗಿಲಿಗೆ ಜೋತುಬಿದ್ದ ಜನರನ್ನು ಹೊತ್ತ ಗಾಡಿಗಳ ಕೆಳಗೆ ಏನೂ ಆಗದ ಹಳಿ ತಣ್ಣನೆಯ ಬೆಳಗಿನ ಜಾವ, ಗಾಡಿಗಳೇ ಕಡಿಮೆ ಓಡುವ ಹೊತ್ತಿನಲ್ಲಿ ಯಾಕೆ ಬಿರಿಯಬೇಕು? ಉತ್ತರ ಹುಡುಕಿಕೊಂಡು ಹೊರಟರೆ ನಮ್ಮ ದಿನನಿತ್ಯದ ದಾರಿಯ ಉದ್ದಕ್ಕೂ, ಕಲ್ಯಾಣದ ಪತ್ರಿ ಪೂಲ್, ವಾಶಿಯ ಖಾಡಿ ಸೇತುವೆ, ಕೊನೆಗೆ ನಾವು ಮಲಗುವ ಮನೆಯ ಸ್ಲ್ಯಾಬಿನವರೆಗೂ ಹೋಗಬೇಕಾಗುತ್ತದೆ.

ಸೀಟಿನ ಕೆಳಗಿನ ಸ್ಪ್ರಿಂಗು

ಭಾರ ಬಿದ್ದಾಗ ಬಗ್ಗದ ವಸ್ತು ಯಾವುದೂ ಇಲ್ಲ. ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತು ಗಾಡಿ ಬರುವಾಗ ಹಳಿಯನ್ನೇ ನೋಡಿ. ಚಕ್ರ ಬಂದಾಗ ಹಳಿ ಸ್ಲೀಪರ್ ಸಮೇತ ಕೆಲವು ಮಿಲಿಮೀಟರ್ ಕೆಳಗಿಳಿಯುತ್ತದೆ, ಚಕ್ರ ದಾಟಿದೊಡನೆ ಮೇಲೇಳುತ್ತದೆ. ಹೀಗೆ ಬಗ್ಗಿ ಮತ್ತೆ ಮೊದಲಿನಂತಾಗುವ ಗುಣಕ್ಕೆ ಶಾಲೆಯ ಪಾಠದಲ್ಲಿ ಸ್ಥಿತಿಸ್ಥಾಪಕತೆ ಎಂಬ ಹೆಸರಿದೆ. ಎಳೆತ ಎರಡರಷ್ಟಾದರೆ ಹಿಗ್ಗುವುದೂ ಎರಡರಷ್ಟು ಎಂಬ ಇದರ ಲೆಕ್ಕವನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ.

ಈ ಲೆಕ್ಕವನ್ನು ಮುಂಬಯಿ ಲೋಕಲ್‌ನಷ್ಟು ಕಠಿಣವಾಗಿ ಪರೀಕ್ಷಿಸಿದ ವಾಹನ ವಿರಳ. ಒಂದು ಚದರ ಮೀಟರ್ ಜಾಗದಲ್ಲಿ 14ರಿಂದ 16 ಜನ ನಿಲ್ಲುವ ಸ್ಥಿತಿಗೆ ರೈಲ್ವೆಯವರು ‘ಸೂಪರ್ ಡೆನ್ಸ್ ಕ್ರಷ್ ಲೋಡ್’ ಎಂಬ ಹೆಸರನ್ನೇ ಇಟ್ಟಿದ್ದಾರೆ. ಹನ್ನೆರಡು ಡಬ್ಬಿಯ ಗಾಡಿಯಲ್ಲಿ ಐದು ಸಾವಿರ ಜನ ಎಂದುಕೊಂಡರೂ, ತಲಾ 60 ಕಿಲೋದಂತೆ 300 ಟನ್ ಆಯಿತು. ಖಾಲಿ ಡಬ್ಬಿಗೂ ತುಂಬಿದ ಡಬ್ಬಿಗೂ ತೂಕದ ಅಂತರ ಇಷ್ಟಿದ್ದರೆ ಬರೀ ಉಕ್ಕಿನ ಸುರುಳಿ ಸ್ಪ್ರಿಂಗ್ ಬಹಳ ಕುಗ್ಗಿ, ಡಬ್ಬಿಯ ಎತ್ತರವೇ ಬದಲಾಗುತ್ತದೆ. ಅದಕ್ಕೇ ಈಗಿನ ಲೋಕಲ್‌ಗಳಲ್ಲಿ ಡಬ್ಬಿಯ ಅಡಿಗೆ ಏರ್ ಸ್ಪ್ರಿಂಗ್ ಬಂದಿವೆ. ಜನ ತುಂಬುತ್ತಿದ್ದಂತೆ ವಾಲ್ವ್ ತೆರೆದು ಇನ್ನಷ್ಟು ಗಾಳಿ ನುಗ್ಗುತ್ತದೆ, ಡಬ್ಬಿ ಇದ್ದ ಎತ್ತರಕ್ಕೇ ನಿಲ್ಲುತ್ತದೆ. ದಿವಾ ದಾಟಿ ಮುಂಬ್ರಾ ಬರುವ ಹೊತ್ತಿಗೆ ಉಸಿರಾಡಲು ನಮಗೆ ಗಾಳಿ ಸಿಗದಿರಬಹುದು, ಕಾಲ ಕೆಳಗಿನ ಸ್ಪ್ರಿಂಗಿಗಂತೂ ಸಿಗುತ್ತದೆ.

ಒಟ್ಟು ಭಾರ ಎಷ್ಟು ಎಂಬುದಕ್ಕಿಂತ ಅದು ಎಷ್ಟು ಜಾಗದ ಮೇಲೆ ಹಂಚಿಹೋಗಿದೆ ಎಂಬುದು ಮುಖ್ಯ. ಗಾಡಿಯಲ್ಲಿ ಒಟ್ಟು ಎಷ್ಟು ಜನ ಇದ್ದಾರೆಂದು ಯಾರೂ ಎಣಿಸುವುದಿಲ್ಲ, ಬಾಗಿಲ ಬಳಿಯ ಒಂದು ಮೀಟರಿನಲ್ಲಿ ಎಷ್ಟು ಜನ ಎಂಬುದೇ ನಮ್ಮ ಪಕ್ಕೆಲುಬಿಗೆ ಗೊತ್ತಾಗುವ ಅಂಕಿ. ಎಂಜಿನಿಯರುಗಳು ಸ್ಟ್ರೆಸ್ ಎನ್ನುವುದು ಇದನ್ನೇ: ಭಾರವನ್ನು ಅದನ್ನು ಹೊರುವ ಜಾಗದಿಂದ ಭಾಗಿಸಿದ ಲೆಕ್ಕ. ಅದರಿಂದ ವಸ್ತು ತನ್ನ ಉದ್ದದ ಎಷ್ಟನೇ ಪಾಲು ಹಿಗ್ಗಿತು ಅಥವಾ ಕುಗ್ಗಿತು ಎಂಬುದು ಸ್ಟ್ರೇನ್. ಉಳಿದ ಕತೆಯೆಲ್ಲ ಈ ಎರಡರ ನಂಟು.

ಬೀಡಿನ ಕಾವಲಿ, ಸ್ಟೀಲಿನ ತಪ್ಪಲೆ

ಊರಿನಿಂದ ತಂದ ಬೀಡಿನ ದೋಸೆ ಕಾವಲಿ ಕೈಜಾರಿ ಬಿದ್ದರೆ ಎರಡು ಹೋಳು. ಅದೇ ಎತ್ತರದಿಂದ ಸ್ಟೀಲಿನ ತಪ್ಪಲೆ ಬಿದ್ದರೆ ಒಂದು ನೆಗ್ಗು, ಅಷ್ಟೇ. ಕಾವಲಿ ದಪ್ಪ, ತಪ್ಪಲೆ ತೆಳುವು. ಆದರೂ ಉಳಿದದ್ದು ತಪ್ಪಲೆ, ಯಾಕೆಂದರೆ ಬಿದ್ದ ಪೆಟ್ಟನ್ನು ಅದು ತನ್ನ ಆಕಾರ ಕೆಡಿಸಿಕೊಂಡು ನುಂಗಿತು. ಬೀಡು ಕಬ್ಬಿಣದಲ್ಲಿ ಇಂಗಾಲ ಹೆಚ್ಚು. ಅದು ಗ್ರಾಫೈಟಿನ ಎಸಳುಗಳಾಗಿ ಒಳಗೆಲ್ಲ ಹರಡಿಕೊಂಡಿರುತ್ತದೆ. ಪ್ರತಿ ಎಸಳೂ ಹುಟ್ಟಿನಿಂದಲೇ ಬಂದ ಒಂದು ಬಿರುಕಿನಂತೆ.

ತಪ್ಪಲೆಯ ಗುಣವನ್ನು ಅಳೆಯುವ ಯಂತ್ರ ಯಾವುದೇ ಲೋಹಪರೀಕ್ಷೆಯ ಲ್ಯಾಬಿನಲ್ಲಿ ಸಿಗುತ್ತದೆ. ಕಟ್ಟಡಕ್ಕೆ ಬರುವ ಸರಳಿನ ಒಂದು ತುಂಡನ್ನು ಎರಡು ದವಡೆಗಳ ನಡುವೆ ಕಚ್ಚಿಸಿ ನಿಧಾನವಾಗಿ ಎಳೆಯುತ್ತಾರೆ. ಎಫ್‌ಇ 500 ದರ್ಜೆಯ 12 ಮಿಲಿಮೀಟರ್ ಸರಳು ಸುಮಾರು ಐದೂಮುಕ್ಕಾಲು ಟನ್ ಎಳೆತದವರೆಗೆ ಸ್ಪ್ರಿಂಗಿನ ಹಾಗೇ ನಡೆದುಕೊಳ್ಳುತ್ತದೆ. ಒಂದು ಮೀಟರಿಗೆ ಬರೀ ಎರಡೂವರೆ ಮಿಲಿಮೀಟರ್ ಹಿಗ್ಗು, ಬಿಟ್ಟರೆ ಮತ್ತೆ ಮೊದಲಿನ ಉದ್ದ. ಅದನ್ನು ದಾಟಿದ ಮೇಲೆ ಸರಳು ಸೋಲತೊಡಗುತ್ತದೆ. ಇನ್ನು ಬಿಟ್ಟರೂ ಮೊದಲಿನಂತಾಗುವುದಿಲ್ಲ. ಆದರೆ ಕೂಡಲೇ ಮುರಿಯುವುದೂ ಇಲ್ಲ: ಹಿಗ್ಗುತ್ತ ಹಿಗ್ಗುತ್ತ ಒಂದು ಕಡೆ ಕತ್ತಿನಂತೆ ಸಣ್ಣಗಾಗಿ, ಕೊನೆಗೆ ಢಬ್ ಎಂದು ತುಂಡಾಗುತ್ತದೆ. ಅಷ್ಟರೊಳಗೆ ಕನಿಷ್ಠ ಶೇ 12ರಷ್ಟು ಹಿಗ್ಗಿರಬೇಕು ಎಂದು ಭಾರತೀಯ ಮಾನಕ 1786 ಹೇಳುತ್ತದೆ. ದರ್ಜೆಯ ಕೊನೆಗೆ ‘ಡಿ’ ಅಕ್ಷರ ಇದ್ದರೆ ಶೇ 16. ಸಿಮೆಂಟ್ ಅಂಗಡಿಯ ಬೋರ್ಡಿನ ಮೇಲೆ ಕಾಣುವ ‘500 ಡಿ’ಯಲ್ಲಿ 500 ಎಂಬುದು ಸರಳಿನ ಬಲ. ‘ಡಿ’ ಎಂಬುದು ಸೋತ ಮೇಲೂ ಅದು ಎಷ್ಟು ತಾಳುತ್ತದೆ ಎಂಬುದರ ಗುರುತು.

ಸ್ಪ್ರಿಂಗಿನ ಹಾಗಿದ್ದಾಗಿನ ಹಿಗ್ಗು ಶೇ ಕಾಲು, ಸೋತ ಮೇಲಿನ ಹಿಗ್ಗು ಶೇ 12ಕ್ಕೂ ಮೇಲೆ. ಈ ಎರಡು ಅಂಕಿಗಳ ನಡುವಿನ ಅಂತರವೇ ಮನೆಯಲ್ಲಿರುವವರು ಹೊರಗೆ ಓಡಿಹೋಗಲು ಸಿಗುವ ಸಮಯ. ತೊಲೆ ಜೋಲುತ್ತದೆ, ಗೋಡೆ ಬಿರಿಯುತ್ತದೆ, ಬಾಗಿಲು ಚೌಕಟ್ಟಿಗೆ ಸಿಕ್ಕಿಹಾಕಿಕೊಳ್ಳುತ್ತದೆ, ಕಣ್ಣಿದ್ದವರಿಗೆ ಸುದ್ದಿ ಮುಟ್ಟುತ್ತದೆ. ಉಕ್ಕನ್ನು ಬರೀ ಗಟ್ಟಿ ಮಾಡುವುದು ಕಷ್ಟವಲ್ಲ. ಮುರಿಯುವ ಮೊದಲು ಅದು ನಮಗೆ ತಿಳಿಸುವಂತೆ ಮಾಡುವುದು ಕಷ್ಟ.

ಚಳಿಗೆ ಬಿಗಿಯುವ ಹಳಿ

ಈಗ ಡಿಸೆಂಬರಿನ ಒಗಟಿಗೆ ಬರೋಣ. ಬೋರಿಬಂದರದಿಂದ ಥಾಣೆಗೆ 1853ರ ಏಪ್ರಿಲ್ 16ರಂದು ಮೊದಲ ಗಾಡಿ ಓಡಿತು. ಮರುವರ್ಷ ಮೇ ತಿಂಗಳಲ್ಲಿ ದಾರಿ ಕಲ್ಯಾಣ ಮುಟ್ಟಿತು. ಆಗಿನ ಹಳಿಗಳು ಮೆದು ಕಬ್ಬಿಣದವು, ತುಂಡುತುಂಡಾಗಿ ಜೋಡಿಸಿದವು. ಎರಡು ತುಂಡುಗಳ ನಡುವೆ ಬೇಸಿಗೆಯಲ್ಲಿ ಹಿಗ್ಗಲು ಸಂದು ಬಿಡುತ್ತಿದ್ದರು. ನಮ್ಮ ಬಾಲ್ಯದ ರೈಲಿನ ‘ಟಕ-ಟಕ ಟಕ-ಟಕ’ ಸದ್ದು ಆ ಸಂದುಗಳದ್ದು. ಈಗ ಆ ಸದ್ದು ಹೆಚ್ಚೂಕಡಿಮೆ ಅಳಿದಿದೆ. ಹಳಿಗಳನ್ನು ಬೆಸೆದು ಕಿಲೋಮೀಟರುಗಟ್ಟಲೆ ಒಂದೇ ಮಾಡಿದ್ದಾರೆ.

ಹಿಗ್ಗಲು ಸಂದಿಲ್ಲದಿದ್ದರೆ ಹಳಿ ಏನು ಮಾಡಬೇಕು? ಕ್ಲಿಪ್ಪು, ಸ್ಲೀಪರು, ಜಲ್ಲಿಕಲ್ಲು ಎಲ್ಲ ಸೇರಿ ಅದನ್ನು ಹಿಡಿದುಕೊಂಡಿವೆ. ಒಂದು ಮಧ್ಯಮ ಉಷ್ಣತೆಯಲ್ಲಿ ಮಾತ್ರ ಹಳಿ ನಿರಾಳ. ಅದು 40 ಡಿಗ್ರಿ ಎಂದುಕೊಳ್ಳಿ. ಬೆಳಗಿನ ಜಾವ ಹಳಿ 15 ಡಿಗ್ರಿಗೆ ತಣ್ಣಗಾದರೆ ಒಂದು ಕಿಲೋಮೀಟರ್ ಹಳಿ 29 ಸೆಂಟಿಮೀಟರ್ ಕುಗ್ಗಬೇಕಿತ್ತು. ಕುಗ್ಗಲು ಬಿಡದೆ ಹಿಡಿದಿಟ್ಟಾಗ ಅದರೊಳಗೆ ಸುಮಾರು 47 ಟನ್ನಿನ ಎಳೆತ ಹುಟ್ಟುತ್ತದೆ. ಗಾಡಿ ಇರಲಿ ಬಿಡಲಿ, ಇಡೀ ರಾತ್ರಿ ಯಾರೋ ಎರಡೂ ಕಡೆಯಿಂದ ಜಗ್ಗುತ್ತಿದ್ದ ಹಾಗೆ. ಮೇ ತಿಂಗಳ ಮಧ್ಯಾಹ್ನ ಇದೇ ತಿರುಗುಮುರುಗು. ಆಗ ಹಳಿ ಒತ್ತಿಕೊಳ್ಳುತ್ತದೆ, ಹಿಡಿತ ಸಡಿಲವಿದ್ದಲ್ಲಿ ಹಾವಿನಂತೆ ಸೊಟ್ಟಗಾಗುತ್ತದೆ.

ಆದರೂ ಲೆಕ್ಕ ಮುಗಿಯಲಿಲ್ಲ. ಆ 47 ಟನ್ನನ್ನು ಹಳಿಯ ಅಡ್ಡಕೊಯ್ತಕ್ಕೆ ಹಂಚಿದರೆ ಬರುವ ಸ್ಟ್ರೆಸ್, ಹಳಿಯ ಉಕ್ಕು ತಾಳುವುದರ ಹದಿನೈದನೇ ಒಂದು ಪಾಲು ಮಾತ್ರ. ಸರಿಯಾಗಿರುವ ಹಳಿಯನ್ನು ಚಳಿ ಮುರಿಯಲಾರದು. ಮೊದಲೇ ಒಳಗೆ ಬಿರುಕಿದ್ದ ಹಳಿಯನ್ನು ಮಾತ್ರ ಅದು ಮುರಿಯುತ್ತದೆ.

ಬಿರುಕಿನ ತುದಿಯಲ್ಲಿ ಏನಾಗುತ್ತದೆ ಎಂಬುದು ಸ್ಟೇಷನ್ನಿನ ಮೆಟ್ಟಿಲು ಇಳಿದವರಿಗೆ ಗೊತ್ತು. ಅಗಲವಾದ ಪಾದಚಾರಿ ಸೇತುವೆಯ ಮೇಲೆ ಆರಾಮವಾಗಿ ಬರುವ ಜನ, ನಡುವೆ ರಿಪೇರಿಗೆಂದು ಅಡ್ಡ ಕಟ್ಟಿದ ತಗಡು ಎದುರಾದರೆ ಅದರ ಅಂಚನ್ನು ಬಳಸಿ ಹೋಗಬೇಕು. ನೂಕುನುಗ್ಗಲೆಲ್ಲ ಆ ಅಂಚಿನಲ್ಲೇ. ಉಕ್ಕಿನೊಳಗೆ ಹರಿಯುವ ಬಲವೂ ಬಿರುಕನ್ನು ದಾಟಲಾರದೆ ಅದರ ತುದಿಯನ್ನು ಬಳಸಿಕೊಂಡು ಹೋಗುತ್ತದೆ. ಸರಾಸರಿ ಸ್ಟ್ರೆಸ್ ಎಷ್ಟೇ ಕಡಿಮೆ ಇದ್ದರೂ ಆ ತುದಿಯಲ್ಲಿ ಅದು ಹಲವು ಪಟ್ಟು. ಗಾಜಿನ ಮೇಲೆ ಪ್ರಯೋಗ ಮಾಡಿ, ಬಿರುಕು ಯಾವಾಗ ಓಡತೊಡಗುತ್ತದೆ ಎಂಬ ಲೆಕ್ಕವನ್ನು 1921ರಲ್ಲಿ ಕೊಟ್ಟವನು ಎ.ಎ. ಗ್ರಿಫಿತ್. ಬಿರುಕು ಒಂದು ಮಿತಿಯ ಉದ್ದ ತಲುಪುವವರೆಗೆ ತಾಳ್ಮೆಯಿಂದ ಬೆಳೆಯುತ್ತದೆ, ಮಿತಿ ದಾಟಿದರೆ ಕ್ಷಣಾರ್ಧದಲ್ಲಿ ಓಡುತ್ತದೆ. ಕೊನೆಯ ಆ ಓಟಕ್ಕೆ ಬೇಕಾದ ಸಣ್ಣ ಎಳೆತವನ್ನು ಚಳಿಗಾಲದ ನಸುಕು ಕೊಡುತ್ತದೆ.

ದಣಿವು

ಹಾಗಾದರೆ ಮೊದಲ ಬಿರುಕು ಎಲ್ಲಿಂದ ಬಂತು? ಬಟ್ಟೆ ತೂಗುಹಾಕುವ ತಂತಿಯ ಹ್ಯಾಂಗರನ್ನು ಒಂದೇ ಸಲಕ್ಕೆ ಮುರಿಯಲು ಹೋದರೆ ಆಗದು. ಅದೇ ಜಾಗದಲ್ಲಿ ಹಿಂದಕ್ಕೂ ಮುಂದಕ್ಕೂ ಹತ್ತಾರು ಸಲ ಬಗ್ಗಿಸಿದರೆ ಬೆರಳಿಗೆ ಬಿಸಿ ತಾಗಿ, ಪಟ್ಟನೆ ತುಂಡಾಗುತ್ತದೆ. ಲೋಹದ ಈ ದಣಿವಿನ ಪರಿಚಯ ಜಗತ್ತಿಗೆ ಆದದ್ದೇ ರೈಲಿನಿಂದ. 1842ರ ಮೇ 8ರಂದು ಫ್ರಾನ್ಸಿನ ವರ್ಸೈಯಿಂದ ಪ್ಯಾರಿಸ್ಸಿಗೆ ಮರಳುತ್ತಿದ್ದ ಗಾಡಿಯ ಎಂಜಿನ್ನಿನ ಅಚ್ಚು ಮುರಿದು ಭಾರಿ ಅನಾಹುತವಾಯಿತು. ಸರಿಯಾಗಿಯೇ ಇದ್ದ ಅಚ್ಚು ಯಾಕೆ ಮುರಿಯಿತೆಂದು ಆಗ ಯಾರಿಗೂ ತಿಳಿಯಲಿಲ್ಲ. ಮುಂದೆ ಜರ್ಮನಿಯ ಆಗಸ್ಟ್ ವೂಲರ್ ರೈಲಿನ ಅಚ್ಚುಗಳನ್ನು ಲಕ್ಷಾಂತರ ಸಲ ಬಗ್ಗಿಸಿ ನೋಡಿ ಹೇಳಿದ್ದು ಇಷ್ಟು: ಒಂದೇ ಸಲಕ್ಕೆ ಸುಲಭವಾಗಿ ಹೊರುವ ಭಾರವೇ, ಮತ್ತೆಮತ್ತೆ ಬಂದರೆ, ಲೋಹವನ್ನು ಮುರಿಯುತ್ತದೆ.

ಲೋಕಲ್‌ನ ಒಂದು ಚಕ್ರ ಹೊರುವುದು ಹತ್ತು ಟನ್ನಿನ ಸುಮಾರು. ಅದು ಹಳಿಯನ್ನು ಮುಟ್ಟುವ ಜಾಗ ಒಂದು ಸಣ್ಣ ನಾಣ್ಯದಷ್ಟು. ಹನ್ನೆರಡು ಡಬ್ಬಿಗೆ 48 ಅಚ್ಚು, ಪ್ರತಿ ಗಾಡಿಗೂ ಹಳಿಯ ಅದೇ ಬಿಂದುವಿನ ಮೇಲೆ 48 ಪೆಟ್ಟು. ಬಾವಿಯ ಹಗ್ಗ ಉಜ್ಜಿ ಕಲ್ಲೂ ಸವೆಯುತ್ತದಲ್ಲ, ಹಾಗೆ. ಹಳಿಯ ತಲೆಯೊಳಗೆ ಕೂದಲೆಳೆಯಷ್ಟು ದೋಷವಿದ್ದರೂ ವರ್ಷಗಳಲ್ಲಿ ಅದು ಅಗಲವಾಗುತ್ತ ಹೋಗುತ್ತದೆ. ಮೇಲಿನಿಂದ ನೋಡಿದರೆ ಹಳಿ ಕನ್ನಡಿಯ ಹಾಗೆ ಹೊಳೆಯುತ್ತಿರುತ್ತದೆ.

ಉಕ್ಕು ಬಗ್ಗಿ ಹೇಳದೆ ಇರುವ ಸಂದರ್ಭ ಇದು. ತಪ್ಪಲೆಯ ಜಾತಿಯ ಲೋಹ ಇಲ್ಲಿ ಕಾವಲಿಯ ಹಾಗೆ ನಡೆದುಕೊಳ್ಳುತ್ತದೆ. ಅದು ಹೇಳದಿದ್ದರೆ ನಾವೇ ಕೇಳಬೇಕು. ಶ್ರವಣಾತೀತ ತರಂಗಗಳನ್ನು ಹಳಿಯೊಳಗೆ ಕಳಿಸಿ, ಬಿರುಕಿಗೆ ಬಡಿದು ಮರಳುವ ಪ್ರತಿಧ್ವನಿ ಹಿಡಿಯುವ ಗಾಡಿಯನ್ನು ಹಳಿಯ ಮೇಲೆ ತಳ್ಳಿಕೊಂಡು ಹೋಗುವವರಿದ್ದಾರೆ. ಚಳಿಗಾಲದ ರಾತ್ರಿ ಟಾರ್ಚು ಹಿಡಿದು ಜಲ್ಲಿಯ ಮೇಲೆ ನಡೆಯುವ ಗಸ್ತಿನವರಿದ್ದಾರೆ. ಸಿಗ್ನಲ್ಲಿನ ವಿದ್ಯುತ್ತು ಹಳಿಯಲ್ಲೇ ಹರಿಯುವ ಕಡೆ, ಹಳಿ ಪೂರ್ತಿ ತುಂಡಾದರೆ ಸರ್ಕ್ಯೂಟು ಕಡಿದು ಸಿಗ್ನಲ್ ತಾನಾಗಿ ಕೆಂಪಾಗಬಹುದು. ಆಮೇಲೆ ಬಿರಿದ ಜಾಗಕ್ಕೆ ಎರಡೂ ಬದಿಯಿಂದ ಫಿಶ್‌ಪ್ಲೇಟ್ ಬಿಗಿದು ಗಾಡಿಗಳನ್ನು ಮೆಲ್ಲಗೆ ದಾಟಿಸುತ್ತಾರೆ. ಪ್ಲಾಟ್‌ಫಾರ್ಮಿನಲ್ಲಿ ನಾವು ಬೈದುಕೊಳ್ಳುವ ಆ ಇಪ್ಪತ್ತು ನಿಮಿಷದಲ್ಲಿ ನಡೆಯುವುದು ಇದೆಲ್ಲ.

ಕಲ್ಯಾಣದ ಪತ್ರಿ ಪೂಲ್‌ಗೂ ಇದೇ ನ್ಯಾಯ. ಬ್ರಿಟಿಷರ ಕಾಲದ, ನೂರು ವರ್ಷ ದಾಟಿದ ಆ ಸೇತುವೆಯನ್ನು ಅಪಾಯಕಾರಿ ಎಂದು ಸಾರಿ 2018ರ ನವೆಂಬರಿನಲ್ಲಿ ಕೆಡವಿದರು. 2020ರ ನವೆಂಬರಿನಲ್ಲಿ ರೈಲುಗಳನ್ನು ನಿಲ್ಲಿಸಿ ಸುಮಾರು 76 ಮೀಟರ್ ಉದ್ದದ ಹೊಸ ಗರ್ಡರನ್ನು ಹಳಿಗಳ ಮೇಲೆ ಚಾಚಿದರು. 2021ರ ಜನವರಿ 25ರಂದು ಸೇತುವೆ ತೆರೆಯಿತು. ನಡುವಿನ ಎರಡು ವರ್ಷ ಶಿಳ್ ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕವರು ಆ ಕೆಡವುವಿಕೆಗೆ ಹಾಕಿದ ಶಾಪಕ್ಕೆ ಲೆಕ್ಕವಿಲ್ಲ. ನೂರು ವರ್ಷ ದಣಿದ ಉಕ್ಕಿನ ಪರವಾಗಿ ಮಾತಾಡುವವರು ಯಾರಿದ್ದರು?

ಖಾಡಿಯ ಮೇಲಿನ ಬಿಗಿದ ತಂತಿಗಳು

ನವಿ ಮುಂಬಯಿ ಎಂಬ ಊರು ನಿಂತಿರುವುದೇ ಥಾಣೆ ಖಾಡಿ ದಾಟುವ ಸೇತುವೆಗಳ ಮೇಲೆ. ಮಾನ್‌ಖುರ್ದ್ ಮತ್ತು ವಾಶಿ ನಡುವಿನ ಮೊದಲ ರಸ್ತೆ ಸೇತುವೆ 1973ರದು, ಎರಡನೆಯದು 1997ರದು. ಮೂರನೆಯದರ ಮೊದಲ ಭಾಗ ತೆರೆದದ್ದು 2024ರ ಅಕ್ಟೋಬರಿನಲ್ಲಿ. ಇಪ್ಪತ್ತನಾಲ್ಕು ವರ್ಷಕ್ಕೇ ಎರಡನೇ ಸೇತುವೆ ಯಾಕೆ ಬೇಕಾಯಿತು ಎಂದರೆ ವಾಹನ ಹೆಚ್ಚಿದ್ದು ಒಂದು ಕಾರಣ. ಮೊದಲ ಸೇತುವೆಯ ಒಳಗಿನ ಕಾಯಿಲೆ ಇನ್ನೊಂದು.

ಕಾಂಕ್ರೀಟು ಒತ್ತಿದರೆ ತಾಳುವುದರ ಹತ್ತನೇ ಒಂದು ಪಾಲನ್ನೂ ಎಳೆದರೆ ತಾಳುವುದು ಕಷ್ಟ. ತೊಲೆ ಭಾರಕ್ಕೆ ಬಗ್ಗಿದಾಗ ಅದರ ಮೇಲ್ಭಾಗ ಒತ್ತಿಕೊಳ್ಳುತ್ತದೆ, ಕೆಳಭಾಗ ಹಿಗ್ಗುತ್ತದೆ. ಆ ಹಿಗ್ಗುವ ಭಾಗದಲ್ಲೇ ಸರಳು ಇಡುವುದು ಸಾಮಾನ್ಯ ಉಪಾಯ. ಫ್ರಾನ್ಸಿನ ಯೂಜೀನ್ ಫ್ರೆಸಿನೆ ಇನ್ನೂ ಮುಂದೆ ಹೋಗಿ ಯೋಚಿಸಿದ. ಕೇಬಲ್ಲನ್ನು ಬಲವಾಗಿ ಎಳೆದು ಕಾಂಕ್ರೀಟಿಗೆ ಬಿಗಿದರೆ, ಭಾರ ಬೀಳುವ ಮೊದಲೇ ಕಾಂಕ್ರೀಟು ಒತ್ತಿಕೊಂಡಿರುತ್ತದೆ. ಆಮೇಲೆ ಹಿಗ್ಗುವ ಪ್ರಶ್ನೆಯೇ ಬರುವುದಿಲ್ಲ. 1928ರಲ್ಲಿ ಅವನಿಗೆ ಇದರ ಪೇಟೆಂಟ್ ಸಿಕ್ಕಿತು.

ಆ ಹೊತ್ತಿಗೆ ಕಾಂಕ್ರೀಟು ಅವನಿಗೊಂದು ಪಾಠ ಕಲಿಸಿಯಾಗಿತ್ತು. 1911ರ ಸುಮಾರಿಗೆ ಲೆ ವರ್ದ್ರ್ ಎಂಬಲ್ಲಿ ಅವನು ಕಟ್ಟಿದ ಕಮಾನು ಸೇತುವೆ, ಭಾರ ಹೆಚ್ಚದಿದ್ದರೂ ತಿಂಗಳುಗಳು ಕಳೆದಂತೆ ಕೆಳಗಿಳಿಯುತ್ತಲೇ ಹೋಯಿತು. ಕಮಾನಿನ ನೆತ್ತಿಗೆ ಜ್ಯಾಕ್ ಕೊಟ್ಟು ಎತ್ತಿ ಅದನ್ನು ಉಳಿಸಿಕೊಂಡ. ಹೊತ್ತುಕೊಂಡೇ ಇರುವ ಭಾರಕ್ಕೆ ಕಾಂಕ್ರೀಟು ವರ್ಷಗಟ್ಟಲೆ ನಿಧಾನವಾಗಿ ಸೋಲುತ್ತದೆ. ಎಂಜಿನಿಯರುಗಳ ಬಾಯಲ್ಲಿ ಇದು ಕ್ರೀಪ್. ನಮ್ಮ ಬಾಲ್ಕನಿಯ ನೈಲಾನ್ ಹಗ್ಗ ಹಾಕಿದ ದಿನ ಬಿಗಿಯಾಗಿದ್ದು, ಆರು ತಿಂಗಳಿಗೆ ಒದ್ದೆ ಬಟ್ಟೆಯ ಭಾರಕ್ಕೆ ಜೋಲುವುದೂ ಅದೇ ಜಾತಿಯ ಸೋಲು. ಸಾಧಾರಣ ಸರಳನ್ನು ಎಳೆದು ಬಿಗಿದರೆ ಕ್ರೀಪ್ ಆ ಬಿಗಿತವನ್ನೆಲ್ಲ ತಿಂದುಹಾಕುತ್ತದೆ. ಆದ್ದರಿಂದ ಬಹಳ ಬಲದ ಉಕ್ಕಿನ ತಂತಿಯೇ ಬೇಕು, ಅದು ಆಯುಷ್ಯವಿಡೀ ಬಿಗಿಯಾಗಿಯೇ ಇರಬೇಕು.

ವಾಶಿಯ ಮೊದಲ ಸೇತುವೆಗೆ ಪೆಟ್ಟು ಬಿದ್ದದ್ದು ಅಲ್ಲಿಯೇ. ಉಪ್ಪುಗಾಳಿಯ ಖಾಡಿಯಲ್ಲಿ ಕಾಂಕ್ರೀಟಿನೊಳಗಿನ ಕೇಬಲ್‌ಗಳಿಗೆ ತುಕ್ಕು ಹಿಡಿಯಿತು, ಹೊರಗಿನಿಂದ ಹೊಸ ಕೇಬಲ್ ಬಿಗಿದು ಸೇತುವೆಗೆ ಆಸರೆ ಕೊಡಬೇಕಾಯಿತು. ಸದಾ ಬಿಗಿದ ತಂತಿಗೆ ತುಕ್ಕು ಹಿಡಿದರೆ ಅದು ಜೋಲುವುದಿಲ್ಲ, ಹಿಗ್ಗುವುದಿಲ್ಲ, ಕೊಳವೆಯೊಳಗೆ ಕತ್ತಲಲ್ಲಿ ಒಂದೊಂದೇ ಕಡಿಯುತ್ತದೆ. ಬಲ ಹೆಚ್ಚಾದಷ್ಟೂ ಲೋಹ ಮಾತು ಕಡಿಮೆ ಮಾಡುತ್ತದೆ.

ನಾಲ್ಕನೇ ಮಾಳಿಗೆಯ ಲೆಕ್ಕ

2013ರ ಏಪ್ರಿಲ್ 4ರ ಸಂಜೆ ಶಿಳ್ ಫಾಟಾದ ಲಕ್ಕಿ ಕಾಂಪೌಂಡ್‌ನಲ್ಲಿ ಅನಧಿಕೃತ ಕಟ್ಟಡವೊಂದು ನಿಂತಲ್ಲೇ ಕುಸಿದು 74 ಜನ ಸತ್ತರು. ಕೆಲವೇ ತಿಂಗಳಲ್ಲಿ ಎದ್ದಿದ್ದ ಕಟ್ಟಡ. ಮೇಲೆ ಇನ್ನೂ ಮಾಳಿಗೆ ಏರಿಸುತ್ತಿರುವಾಗಲೇ ಕೆಳಗೆ ಜನ ವಾಸವಿದ್ದರು. ಕಾಂಕ್ರೀಟಿಗೆ ಅದರ ಲೆಕ್ಕದ ಬಲ ಬರುವುದು 28 ದಿನಕ್ಕೆ. ವಾರಕ್ಕೆ ಬರುವುದು ಸುಮಾರು ಮೂರನೇ ಎರಡರಷ್ಟು, ಅದೂ ನೀರುಣಿಸಿ ಹದ ಮಾಡಿದರೆ. ಕಂಬದ ಉದ್ದ ಸರಳುಗಳನ್ನು ಸುತ್ತುವ ರಿಂಗಿನ ಕೊಕ್ಕೆಯನ್ನು 135 ಡಿಗ್ರಿಗೆ ಒಳಕ್ಕೆ ಬಗ್ಗಿಸಬೇಕೆಂಬುದು ಭೂಕಂಪ ತಾಳುವ ಕಟ್ಟಡಗಳ ನಿಯಮ. ಅವಸರದಲ್ಲಿ 90ಕ್ಕೇ ಬಿಟ್ಟರೆ, ಕಂಬ ಸೋಲುವಾಗ ರಿಂಗು ಬಿಚ್ಚಿಕೊಂಡು, ಬಗ್ಗಬೇಕಾದ ಕಂಬ ಪುಡಿಯಾಗುತ್ತದೆ. ಬೆರಳುದ್ದದ ಕೊಕ್ಕೆಯ ಕೋನ, ತಪ್ಪಲೆಯಾಗಬೇಕಿದ್ದ ಕಂಬವನ್ನು ಕಾವಲಿ ಮಾಡಿಬಿಡುತ್ತದೆ.

ಅಧಿಕೃತವಾಗಿ ಕಟ್ಟಿದ ಹಳೆಯ ಸೊಸೈಟಿಗಳಲ್ಲೂ ಕಾಲ ತನ್ನ ಕೆಲಸ ಮಾಡುತ್ತದೆ. ಮನೆಯ ನೆಲವನ್ನು ಚದರ ಮೀಟರಿಗೆ 200 ಕಿಲೋ ಭಾರಕ್ಕೆ ಲೆಕ್ಕ ಹಾಕಿರುತ್ತಾರೆ. ನೀರು ಬರುವುದೇ ಅನುಮಾನವೆಂದು ಇಡುವ 500 ಲೀಟರಿನ ಪ್ಲಾಸ್ಟಿಕ್ ಟ್ಯಾಂಕಿಗೆ ಸುಮಾರು ಒಂದು ಚದರ ಮೀಟರ್ ಜಾಗ ಸಾಕು, ತೂಕ ಎರಡೂವರೆ ಪಟ್ಟು. ಹೊರಚಾಚಿದ ಬಾಲ್ಕನಿಯಲ್ಲಿ ಹಿಗ್ಗುವುದು ಸ್ಲ್ಯಾಬಿನ ಮೇಲ್ಭಾಗ, ಹಾಗಾಗಿ ಸರಳು ಮೇಲಿರಬೇಕು. ಕಾಂಕ್ರೀಟು ಸುರಿಯುವವರ ಕಾಲಿಗೆ ಸಿಕ್ಕು ಅದು ಕೆಳಗೆ ಒತ್ತಿಹೋಗಿದ್ದರೆ ಯಾರಿಗೂ ಕಾಣುವುದಿಲ್ಲ. ಅದರ ಮೇಲೆ ಗ್ರಿಲ್ಲು, ಗ್ರಿಲ್ಲಿನಲ್ಲಿ ಮಣ್ಣಿನ ಕುಂಡ.

ಮಳೆಗಾಲದ ಸೋರಿಕೆ ಎಲ್ಲಕ್ಕಿಂತ ದೊಡ್ಡ ಶತ್ರು. ಉಕ್ಕು ತುಕ್ಕಾದಾಗ ಎರಡರಿಂದ ಆರು ಪಟ್ಟು ಉಬ್ಬುತ್ತದೆ. ಒಳಗಿನಿಂದ ಹೊರಕ್ಕೆ ತಳ್ಳಿ ಕಾಂಕ್ರೀಟನ್ನೇ ಒಡೆಯುತ್ತದೆ. ಗಿಲಾವು ಒಣಗುವಾಗ ಬರುವ ಬಿರುಕು ಬಲೆಯಂತೆ ಎಲ್ಲೆಡೆ ಹರಡಿರುತ್ತದೆ, ಅದಕ್ಕೆ ಹೆದರಬೇಕಿಲ್ಲ. ಸರಳಿನ ಗೆರೆಯ ಉದ್ದಕ್ಕೇ ನೆಟ್ಟಗೆ ಓಡುವ ಬಿರುಕು, ಅದರೊಳಗಿನಿಂದ ಇಳಿಯುವ ಕಂದು ನೀರು, ಬಡಿದರೆ ಬರುವ ಪೊಳ್ಳು ಸದ್ದು: ಕಟ್ಟಡ ಹೇಳುತ್ತಿರುವುದು ಇಲ್ಲಿ. ಮೂವತ್ತು ವರ್ಷ ದಾಟಿದ ಕಟ್ಟಡಕ್ಕೆ ಸ್ಟ್ರಕ್ಚರಲ್ ಆಡಿಟ್ ಆಗಲೇಬೇಕು ಎಂದು ಮಹಾರಾಷ್ಟ್ರದ ನಗರಪಾಲಿಕೆ ಕಾನೂನು ಹೇಳುವುದು ಇದನ್ನು ಕೇಳಿಸಿಕೊಳ್ಳುವುದಕ್ಕೆ. ಸೊಸೈಟಿ ಮೀಟಿಂಗಿನಲ್ಲಿ ಆ ಖರ್ಚಿನ ಮಾತು ಬಂದಾಗ ಮೊದಲು ಬಣ್ಣ ಹೊಡೆಸೋಣ ಎನ್ನುವವರೇ ಹೆಚ್ಚು. ಬಣ್ಣ ಹೊಡೆದರೆ ಹೇಳುವ ಬಾಯಿ ಮುಚ್ಚುತ್ತದೆ.

ಆಡಿಟಿಗೆ ಬಂದ ಎಂಜಿನಿಯರು ಅನುಮಾನದ ಬಿರುಕು ಕಂಡರೆ ಕೆಲವೊಮ್ಮೆ ಬಹಳ ಸಾದಾ ಕೆಲಸ ಮಾಡುತ್ತಾರೆ. ಬಿರುಕಿಗೆ ಅಡ್ಡಲಾಗಿ ಸಣ್ಣ ಗಾಜಿನ ಪಟ್ಟಿಯೊಂದನ್ನು ಎರಡೂ ಬದಿ ಅಂಟಿಸಿ, ಪಕ್ಕದಲ್ಲಿ ತಾರೀಖು ಬರೆದು ಹೋಗುತ್ತಾರೆ. ಗೋಡೆ ಕೂದಲೆಳೆಯಷ್ಟು ಅಲುಗಿದರೂ ಗಾಜು ಬಗ್ಗಲಾರದು, ಒಡೆಯುತ್ತದೆ. ಹೇಳದೆ ಕೇಳದೆ ಒಡೆಯುವುದೇ ಗಾಜಿನ ಅವಗುಣ. ಇಲ್ಲಿ ಆ ಅವಗುಣಕ್ಕೇ ಕೆಲಸ ಸಿಕ್ಕಿದೆ. ಮೆಟ್ಟಿಲಿಳಿದು ಲೋಕಲ್ ಹಿಡಿಯಲು ಓಡುವಾಗ ಆ ಪಟ್ಟಿಯ ಕಡೆ ಒಮ್ಮೆ ಕಣ್ಣು ಹಾಯಿಸಿ. ಇಡಿಯಾಗಿದ್ದರೆ ಓಡಿ. ಒಡೆದಿದ್ದರೆ, ಈವತ್ತು ಆಫೀಸಿಗೆ ಲೇಟಾದರೂ ಚಿಂತೆಯಿಲ್ಲ.